ಬಾಸ್ ಹೇಳಿದ ಸುಳ್ಳು, ನಾನು ಬರೆದ ಸುಳ್ಳು

ಹೋದ ತಿಂಗಳು ಒಂದು ಶನಿವಾರ ನಮ್ಮ ಮ್ಯಾನೇಜರ್ ನನ್ನ ಕೈಗೆ ಒಂದು ತುಂಡು ಕೇಕ್ ಕೊಟ್ಟು, "ಮಂಗಳವಾರ ನಾನು ನಿಮಗೆ ಸುಳ್ಳು ಹೇಳಿದ್ದೆ" ಅಂದರು.

ಹದಿನಾಲ್ಕು ವರ್ಷದಿಂದ ನೌಕರಿ ಮಾಡುತ್ತಿದ್ದೇನೆ. ಬಾಸ್‌ಗಳು ಸುಳ್ಳು ಹೇಳುವುದು ಹೊಸದಲ್ಲ. ("ನಿಮ್ಮ ಪ್ರಮೋಷನ್ ಫೈಲು ನನ್ನ ಟೇಬಲ್ ಮೇಲೇ ಇದೆ" ಎಂಬ ಮಾತನ್ನು ಕೇಳದ ಗುಮಾಸ್ತ ಯಾರಾದರೂ ಇದ್ದಾರೆಯೇ?) ಆದರೆ ಸುಳ್ಳನ್ನು ಒಪ್ಪಿಕೊಂಡ ಬಾಸ್‌ನನ್ನು ನೋಡಿದ್ದು ಅದೇ ಮೊದಲು. ಅದೂ ಕೇಕ್ ಸಮೇತ.

ಮೊದಲಿನಿಂದ ಹೇಳುತ್ತೇನೆ.

ನಾನು ದೋಹಾದಲ್ಲಿ ಕೆಲಸ ಮಾಡುವುದು ಈ ಅಂಕಣದ ಖಾಯಂ ಓದುಗರಿಗೆ ಗೊತ್ತು. ಇವತ್ತೇ ಮೊದಲ ಸಲ ಈ ಪುಟಕ್ಕೆ ಬಂದವರಿಗಾಗಿ ಎರಡು ಮಾತು. ನಮ್ಮದು ಕಟ್ಟಡಗಳ ನಕ್ಷೆ ತಯಾರಿಸುವ ಕಂಪನಿ. ಒಟ್ಟು ನಲವತ್ತೊಂದು ಜನ. ಅದರಲ್ಲಿ ಎಂಟು ಜನ ಬ್ರಿಟನ್ನಿನವರು. ಉಳಿದವರು ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್, ಹೀಗೆ. ಮಾಲೀಕರು ಕತಾರಿ, ತಿಂಗಳಿಗೊಮ್ಮೆ ಬಂದು ಎಲ್ಲರ ಕೈಕುಲುಕಿ ಹೋಗುವ ಹಿರಿಯರು. ಆಫೀಸು ನಡೆಸುವವರು ಮಿಸ್ಟರ್ ಪ್ರೆಸ್ಟನ್ ಎಂಬ ಇಂಗ್ಲಿಷ್ ಮ್ಯಾನೇಜರ್. ನಾನು ಅವರ ಸೆಕ್ರೆಟರಿ.

ಸೆಕ್ರೆಟರಿ ಕೆಲಸದಲ್ಲಿ ಒಂದು ಲಾಭ ಇದೆ. ಬಾಸ್ ಓದಿ ಮಡಚಿಟ್ಟ ಪೇಪರು ನನ್ನ ಪಾಲಿಗೆ ಬರುತ್ತದೆ. ಲಂಡನ್ನಿನ ಪೇಪರು ವಿಮಾನದಲ್ಲಿ ಎರಡು ದಿನ ತಡವಾಗಿ ಬಂದರೂ ನನಗೆ ಅದು ಬಿಸಿಬಿಸಿ ಸುದ್ದಿಯೇ. ಈ ಏಪ್ರಿಲ್‌ನಲ್ಲಿ ಅಲ್ಲಿ ಚುನಾವಣೆ ಇತ್ತಲ್ಲ, ಮಾರ್ಚಿನಿಂದಲೇ ಪೇಪರ್ ತುಂಬ ಒಂದೇ ವಿಷಯ. ಒಪೀನಿಯನ್ ಪೋಲ್. ಇವತ್ತು ಒಂದು ಸಂಸ್ಥೆಯದು, ನಾಳೆ ಇನ್ನೊಂದರದು. ಯಾರೋ ಬಾಗಿಲು ತಟ್ಟಿ, ಫೋನ್ ಮಾಡಿ, ಮಾರ್ಕೆಟ್ಟಿನಲ್ಲಿ ಅಡ್ಡ ನಿಲ್ಲಿಸಿ, "ನಿಮ್ಮ ವೋಟು ಯಾರಿಗೆ?" ಅಂತ ಕೇಳುತ್ತಾರೆ. ಜನ ಹೇಳುತ್ತಾರೆ. ಮರುದಿನ ಅದು ಗ್ರಾಫ್ ಆಗುತ್ತದೆ. ಹೆಚ್ಚಿನ ಗ್ರಾಫುಗಳಲ್ಲಿ ವಿರೋಧ ಪಕ್ಷ ಒಂದು ಹೆಜ್ಜೆ ಮುಂದಿತ್ತು.

ನನಗೆ ಇದರಲ್ಲಿ ಹುಚ್ಚು ಹಿಡಿಯಿತು. ನಮ್ಮೂರಲ್ಲಿ ಇಂಥ ಕೆಲಸಕ್ಕೆ ಸಂಸ್ಥೆ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲ್ ಬೆಂಚೇ ಸಂಸ್ಥೆ. ಅಲ್ಲಿ ಬನ್ಸ್ ತಿನ್ನುತ್ತ ಕೂತವರು ಹೇಳಿದ್ದೇ ಸಮೀಕ್ಷೆ. ಇಲ್ಲಿ ನೋಡಿದರೆ ಕಾಲಮ್ಮು, ಪರ್ಸೆಂಟೇಜು, ವಯಸ್ಸಿನ ಪ್ರಕಾರ ಹಂಚಿಕೆ. ವಿಜ್ಞಾನ ಅಂದರೆ ಇದು ಅನ್ನಿಸಿತು.

ಈದ್ ರಜೆ ಮುಗಿದು ಆಫೀಸು ತೆರೆದ ಮಂಗಳವಾರ, ನಾನೂ ಒಂದು ಪೋಲ್ ಮಾಡಿಬಿಟ್ಟೆ. ಹತ್ತು ಗಂಟೆಯ ಟೀಗೆ ಎಂಟೂ ಜನ ಬ್ರಿಟಿಷರು ಪ್ಯಾಂಟ್ರಿ ಮುಂದೆ ಕಪ್ಪು ಹಿಡಿದು ನಿಂತಿರುತ್ತಾರೆ. ಶಾರ್ಟ್‌ಹ್ಯಾಂಡ್ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಗುರುವಾರದ ಚುನಾವಣೆಯಲ್ಲಿ ನಿಮ್ಮ ಒಲವು ಯಾರ ಕಡೆ ಅಂತ ಒಬ್ಬೊಬ್ಬರನ್ನೇ ಕೇಳಿದೆ. ನಕ್ಕರು. ಆದರೂ ಉತ್ತರ ಕೊಟ್ಟರು. ಮೊದಲು ಬಾಯಿ ತೆರೆದದ್ದು ಗಾರ್ಡನ್ ಎಂಬ ಸ್ಕಾಟಿಷ್ ಇಂಜಿನಿಯರ್. ಆರಡಿ ಎತ್ತರ, ಅದಕ್ಕೆ ತಕ್ಕ ಗಂಟಲು. "ವಿರೋಧ ಪಕ್ಷ. ಮನುಷ್ಯತ್ವ ಇರುವ ಯಾರೂ ಬೇರೆ ಉತ್ತರ ಕೊಡಲಾರರು" ಅಂದ. ಆಮೇಲೆ ಉಳಿದವರು. ಗಾರ್ಡನ್ ಸೇರಿ ಐದು ಜನ ವಿರೋಧ ಪಕ್ಷ ಅಂದರು. ಇಬ್ಬರು ಇನ್ನೂ ನಿರ್ಧಾರ ಮಾಡಿಲ್ಲ ಅಂದರು. ಒಬ್ಬರು ಪ್ರಶ್ನೆ ಕೇಳಿಸದವರಂತೆ ಸೆಖೆ ಶುರುವಾಯಿತಲ್ಲ ಅಂದರು. ಮಿಸ್ಟರ್ ಪ್ರೆಸ್ಟನ್ ಆ ಐದರಲ್ಲಿ ಒಬ್ಬರು. "ಬದಲಾವಣೆ ಬೇಕು" ಅಂತ ಗಂಭೀರವಾಗಿ ಹೇಳಿ ಬಿಸ್ಕೆಟ್ ಟೀಗೆ ಅದ್ದಿದರು.

ನನ್ನ ನೋಟ್‌ಬುಕ್ ನೋಡಿ ಬಾಸ್‌ಗೆ ಒಂದು ಐಡಿಯಾ ಹೊಳೆಯಿತು. ಅಲ್ಲಿಂದಲೇ ಎಡವಟ್ಟು ಶುರು.

ನಮ್ಮಲ್ಲಿ ಕೆಲಸ ಎರಡು ತುಂಡು. ಬೆಳಿಗ್ಗೆ ಏಳರಿಂದ ಹನ್ನೆರಡು, ಮತ್ತೆ ಮೂರೂವರೆಯಿಂದ ಏಳು. ನಡುವೆ ಮನೆಗೆ ಹೋಗಿ ಊಟ ಮಾಡಿ, ಮಲಗಿದೆ ಅನ್ನುವಷ್ಟರಲ್ಲಿ ಎದ್ದು ಬರಬೇಕು. ದಿನಕ್ಕೆ ನಾಲ್ಕು ಸಲ ರಸ್ತೆ. ಸಂಜೆ ಎನ್ನುವುದು ವಾರದ ರಜೆಯಾದ ಶುಕ್ರವಾರ ಮಾತ್ರ ಕಾಣುವ ಪದಾರ್ಥ. ಆದರೆ ರಮ್ಜಾನ್ ತಿಂಗಳಲ್ಲಿ ಎಲ್ಲ ಕಡೆಯಂತೆ ನಮಗೂ ಒಂದೇ ಪಾಳಿ ಇತ್ತು. ಮಧ್ಯಾಹ್ನಕ್ಕೆ ಮನೆ. ಕೆಲಸವೇನೂ ಹಿಂದೆ ಬೀಳಲಿಲ್ಲ. ಅದನ್ನು ಗಮನಿಸಿದ ಮಾಲೀಕರು, "ಈದ್ ಆದಮೇಲೂ ಒಂದೇ ಪಾಳಿ ಇಟ್ಟುಕೊಂಡರೆ ಹೇಗೆ? ಬೆಳಿಗ್ಗೆ ಏಳರಿಂದ ನಾಲ್ಕು, ನಡುವೆ ಅರ್ಧ ಗಂಟೆ ಊಟ. ನಿಮ್ಮ ಜನರನ್ನೇ ಕೇಳಿ ಹೇಳಿ" ಅಂತ ಮಿಸ್ಟರ್ ಪ್ರೆಸ್ಟನ್‌ಗೆ ತಿಳಿಸಿದ್ದರು.

"ನಿಮಗೆ ಪೋಲ್ ಮಾಡೋದು ಗೊತ್ತಲ್ಲ. ನಾಳೆ ಎಲ್ಲರನ್ನೂ ಕೇಳಿ" ಅಂದರು ಬಾಸ್.

ಬುಧವಾರ ಇಡೀ ದಿನ ನಾನು ಟೇಬಲಿನಿಂದ ಟೇಬಲಿಗೆ ತಿರುಗಿದೆ. ಕೈಯಲ್ಲಿ ಉದ್ದದ ಪಟ್ಟಿ. ಬಾಸ್ ಒಬ್ಬರನ್ನು ಬಿಟ್ಟು ನಲವತ್ತು ಹೆಸರು, ಹೆಸರಿನ ಮುಂದೆ ಉತ್ತರಕ್ಕೆ ಜಾಗ. ಒಬ್ಬೊಬ್ಬರನ್ನೂ ಕೇಳಿ, ಅವರೆದುರೇ ಬರೆದುಕೊಂಡೆ. ಎಷ್ಟು ಶಿಸ್ತು ಅಂತ ನನಗೇ ಹೆಮ್ಮೆ.

ಮೂವತ್ತಮೂರು ಜನ ಈಗಿರುವ ಎರಡು ಪಾಳಿಯೇ ಸರಿ ಅಂದರು. ಐದು ಜನ ಎರಡೂ ಸರಿ ಅಂದರು. ಒಂದೇ ಪಾಳಿ ಬೇಕು ಅಂದವರು ಇಬ್ಬರೇ. ಒಬ್ಬ ಗಾರ್ಡನ್. ಇನ್ನೊಬ್ಬ ಆಗಲೇ ರಾಜೀನಾಮೆ ಕೊಟ್ಟು ಊರಿನ ಟಿಕೆಟ್ ತೆಗೆದಿಟ್ಟುಕೊಂಡಿದ್ದ ಸರ್ವೇಯರ್.

ನನಗೆ ಆಶ್ಚರ್ಯವಾಗದೆ ಇರಲಿಲ್ಲ. ರಮ್ಜಾನಿನ ಸಂಜೆಗಳಲ್ಲಿ ಇದೇ ಜನ ಹೆಂಡತಿ ಮಕ್ಕಳನ್ನು ಕರಕೊಂಡು ಕಾರ್ನಿಷ್ ಎಂಬ ಕಡಲಂಚಿನ ರಸ್ತೆಯಲ್ಲಿ ಗಾಳಿ ಕುಡಿಯುವುದನ್ನು ನೋಡಿದ್ದೆನಲ್ಲ? ಆದರೆ ಅಂಕಿಸಂಖ್ಯೆ ಎದುರಿಗಿರುವಾಗ ಕಣ್ಣಿನ ಮಾತು ಯಾರು ಕೇಳುತ್ತಾರೆ? ರಿಪೋರ್ಟ್ ಟೈಪ್ ಮಾಡಿ ಬಾಸ್‌ಗೆ ಕೊಟ್ಟೆ. ಅವರು ಓದಿ, "ಹಾಗಾದರೆ ಮುಗಿಯಿತು" ಎಂದು ಮಾಲೀಕರಿಗೆ ಪತ್ರ ಬರೆಸಿದರು. ಶನಿವಾರ ಮಧ್ಯಾಹ್ನ ಡ್ರೈವರ್ ಕೈಲಿ ಕಳಿಸುವುದೆಂದಾಯಿತು.

ಗುರುವಾರ ಅಲ್ಲಿ ಚುನಾವಣೆ ನಡೆಯಿತು. ಶುಕ್ರವಾರ ಬೆಳಿಗ್ಗೆ ಇಲ್ಲಿ ನಮ್ಮ ಓಲ್ಡ್ ಏರ್‌ಪೋರ್ಟ್ ಕಡೆಯ ಫ್ಲ್ಯಾಟಿನಲ್ಲಿ ನಾನು ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂತೆ. ನನ್ನ ಹೆಂಡತಿ ಸುಜಾತ ನೀರುದೋಸೆ ಹುಯ್ಯುತ್ತಿದ್ದಳು. ಗೆದ್ದದ್ದು ಆಡಳಿತ ಪಕ್ಷ. ಆರಾಮಾಗಿ. ರೇಡಿಯೋದವರ ದನಿಯೇ ಉಡುಗಿತ್ತು. ಸಮೀಕ್ಷೆಯವರು ಏನೇನೋ ಕಾರಣ ಹೇಳುತ್ತಿದ್ದರು.

"ಅಷ್ಟು ಜನರನ್ನು ಕೇಳಿದರೂ ತಪ್ಪಾಯಿತಲ್ಲ" ಅಂದೆ.

"ಕೇಳಿದರೆ ಜನ ನಿಜ ಹೇಳುತ್ತಾರಾ?" ಅಂದಳು ಸುಜಾತ. "ಹೋದ ವಾರ ನಿಮ್ಮ ಫ್ರೆಂಡ್ ಬಂದಾಗ ನನ್ನ ಮೀನಿನ ಸಾರು ಚೆನ್ನಾಗಿದೆ ಅಂತ ಮೂರು ಸಲ ಹೇಳಿದರು. ಒಂದು ಸಲವೂ ಮತ್ತೆ ಹಾಕಿಸಿಕೊಳ್ಳಲಿಲ್ಲ."

ಶನಿವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಬಾಸ್ ಟೇಬಲ್ ಮೇಲೆ ದೊಡ್ಡ ಕೇಕ್. ಮುಖದಲ್ಲಿ ಮದುವೆ ಮನೆಯ ಕಳೆ. ಆಗಲೇ ನಾನು ಮೊದಲು ಹೇಳಿದ ಮಾತು ಬಂದದ್ದು. ಅವರು ಯಾವತ್ತೂ ಆಡಳಿತ ಪಕ್ಷದವರಂತೆ. ಹೊರದೇಶದಲ್ಲಿರುವವರು ಊರಲ್ಲಿ ಒಬ್ಬರನ್ನು ನೇಮಿಸಿ ಅವರ ಕೈಲಿ ವೋಟು ಹಾಕಿಸಬಹುದಂತೆ. ಇವರ ವೋಟನ್ನು ಇವರ ತಮ್ಮ ಹಾಕಿದ್ದನಂತೆ.

"ಮತ್ತೆ ನನಗೆ ಬದಲಾವಣೆ ಬೇಕು ಅಂದಿರಲ್ಲ ಸರ್?"

"ನೀವು ಕೇಳಿದಾಗ ಗಾರ್ಡನ್ ನನ್ನ ಎದುರೇ ನಿಂತಿದ್ದ. ಮನುಷ್ಯತ್ವ ಇಲ್ಲದವನು ಅನ್ನಿಸಿಕೊಂಡು ಟೀ ಕುಡಿಯಲು ಯಾರಿಗೆ ಇಷ್ಟ? ಬಾಯಲ್ಲಿ ಒಂದು ಹೇಳಿದೆ. ತಮ್ಮನಿಗೆ ಬೇರೆ ಬರೆದಿದ್ದೆ" ಅಂತ ನಗುತ್ತ ಕೇಕಿನ ಎರಡನೇ ತುಂಡು ತೆಗೆದುಕೊಂಡರು.

ನಾನೂ ನಕ್ಕೆ. ನನ್ನ ಸೀಟಿಗೆ ಬಂದು ಕೂತೆ. ಎದುರಿಗೆ ಟ್ರೇಯಲ್ಲಿ ಮಾಲೀಕರಿಗೆ ಹೋಗಬೇಕಾದ ಕವರು. ಅದನ್ನು ನೋಡಿದ್ದೇ ಕೇಕಿನ ತುಂಡನ್ನು ಬದಿಗಿಟ್ಟೆ.

ಇಡೀ ಆಫೀಸಿಗೆ ದೊಡ್ಡವರಾದ ಬಾಸೇ ಟೀ ಹೊತ್ತಿನ ಒಂದು ಮುಜುಗರಕ್ಕೆ ಹೆದರಿ ಸುಳ್ಳು ಹೇಳಿದರು. ಹಾಗಾದರೆ ಬುಧವಾರ ಪಟ್ಟಿ ಹಿಡಿದು ನಿಂತ ನನಗೆ ಉಳಿದವರು ಹೇಳಿದ್ದೇನು?

ನಮ್ಮ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಮಲ್ಲಪ್ಪ ಎಂಬ ಬಾಗಲಕೋಟೆ ಕಡೆಯ ಡ್ರಾಫ್ಟ್ಸ್‌ಮನ್ ಇದ್ದಾರೆ. ಮಿತಭಾಷಿ. ಗೆರೆ ಎಳೆದರೆ ಸ್ಕೇಲೇ ನಾಚಬೇಕು. ಎರಡು ವರ್ಷ ಒಬ್ಬರೇ ಇದ್ದು, ಕಳೆದ ಸೆಪ್ಟೆಂಬರಿನಲ್ಲಿ ಹೆಂಡತಿ ಮಗಳನ್ನು ಕರೆಸಿಕೊಂಡಿದ್ದಾರೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆಯೂ 'ಈಗಿರುವುದೇ ಸರಿ' ಅಂತಿತ್ತು. ಅವರ ಬೋರ್ಡಿನ ಪಕ್ಕ ಹೋಗಿ ನಿಂತೆ. ಈ ಸಲ ಕೈಯಲ್ಲಿ ಪೆನ್ನಿರಲಿಲ್ಲ.

"ಮಲ್ಲಪ್ಪನವರೇ, ಮೊನ್ನೆ ನೀವು ಹೇಳಿದ್ದು ನಿಜವಾ?"

ಅವರು ಪೆನ್ಸಿಲ್ ಕೆಳಗಿಟ್ಟರು. ಆಚೀಚೆ ನೋಡಿದರು.

"ಖರೇ ಹೇಳ್ಲೇನ್ರಿ ಸರ?"

"ಹೇಳಿ."

"ನನ್ ಮಗಳು ಮೂರನೇ ಇಯತ್ತೆ. ಮುಂಜಾನೆ ನಾ ಬರೂವಾಗ ಮಲಗಿರ್ತಾಳ್ರಿ. ಮಧ್ಯಾಹ್ನ ನಾ ಊಟಕ್ಕ ಹೋದಾಗ ಸಾಲ್ಯಾಗ ಇರ್ತಾಳ. ಸಂಜಿಕೆ ನಾ ಹೋಗೂದ್ರಾಗ ಅಕಿಗೆ ತೂಕಡಿಕಿ. ರಮ್ಜಾನಿನ್ಯಾಗ ಒಂದ್ ತಿಂಗಳು ಅಕಿ ಸಂಗಟ ಊಟಾ ಮಾಡೀನ್ರಿ. ಈದ್ ಆದಮ್ಯಾಲೆ 'ಅಪ್ಪಾ, ನೀ ಮತ್ತ ನಮ್ಮನ್ನ ಬಿಟ್ಟು ದೂರ ಹೋದಿ ಏನು' ಅಂತ ಕೇಳಿದ್ಲು. ನಾ ಇಲ್ಲೇ ದೋಹಾದಾಗ ಇದ್ದೀನಿ, ಅಕಿ ಹಂಗ ಕೇಳ್ತಾಳ."

"ಮತ್ತೆ ಯಾಕೆ ಹಾಗೆ ಬರೆಸಿದಿರಿ?"

"ಸಿಟ್ಟಿಗೇಳಬ್ಯಾಡ್ರಿ. ನೀವು ಸಾಹೇಬ್ರ ಬಾಜೂ ಕೂಡೋರು. ಹೆಸರು ಬರೆದ ಹಾಳಿ ಹಿಡ್ಕೊಂಡು ಬಂದ್ರಿ. ಜೂನದಾಗ ನಮ್ದೆಲ್ಲಾ ಕಾಂಟ್ರ್ಯಾಕ್ಟ್ ರಿನೀವಲ್ ಅದ. ಲಗೂ ಮನಿಗೆ ಹೋಗಬೇಕು ಅನ್ನಾಂವ ಅಂದ್ರ ಕೆಲಸಗಳ್ಳ ಅಂತ ತಿಳೀತಾರ. ಡ್ರಾಯಿಂಗ್ ಸೆಕ್ಷನ್ನಿನ್ಯಾಗ ಹಿಂದಿನ ದಿನಾನ ಮಾತಾಡ್ಕೊಂಡಿದ್ವಿ, ಯಾರೂ ಬಾಯಿ ಬಿಡೂದು ಬ್ಯಾಡ ಅಂತ."

ನನಗೆ ಸಿಟ್ಟು ಬರಲಿಲ್ಲ. ಬಂದದ್ದು ನಾಚಿಕೆ.

ಯಾಕೆ ಅಂತೀರಾ? ಆ ಪಟ್ಟಿಯಲ್ಲಿ ಹದಿನೇಳನೆಯ ಹೆಸರು ನನ್ನದು. ನನ್ನನ್ನು ನಾನೇ ಕೇಳಿಕೊಂಡು, ನನ್ನ ಕೈಯಾರೆ ಬರೆದಿದ್ದೆ, 'ಈಗಿರುವುದೇ ಸರಿ'. ಆ ಪಟ್ಟಿ ಬಾಸ್ ಕೈಗೆ ಹೋಗುತ್ತದೆ ಎಂಬುದು ಯಾರಿಗಿಂತಲೂ ಹೆಚ್ಚು ನನಗೆ ಗೊತ್ತಿತ್ತು. ನನ್ನ ಕಾಂಟ್ರ್ಯಾಕ್ಟೂ ಜೂನಿನಲ್ಲೇ ಮುಗಿಯುವುದು. ಬರೆಯುವಾಗ ಅರ್ಧ ಕ್ಷಣ ಪೆನ್ನು ತಡೆದದ್ದೂ ನೆನಪಿದೆ. ಉಳಿದ ಮೂವತ್ತೊಂಬತ್ತು ಜನರ ನಾಲಿಗೆಯೂ ಹಾಗೇ ತಡೆದಿರಬಹುದು ಅಂತ ಮಾತ್ರ ಹೊಳೆಯಲಿಲ್ಲ. ವಿಜ್ಞಾನಿಯಲ್ಲವೇ ನಾನು?

ಇದು ನನಗೆ ಚಿಕ್ಕಂದಿನಲ್ಲೇ ಗೊತ್ತಿರಬೇಕಾದ ಪಾಠ. ನನ್ನ ಸೋದರಮಾವ ಒಬ್ಬರಿದ್ದರು. ವೋಟು ಕೇಳಲು ಯಾವ ಪಕ್ಷದವರು ಬಂದರೂ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, "ನಿಮಗಲ್ಲದೆ ಇನ್ಯಾರಿಗೆ?" ಅನ್ನುತ್ತಿದ್ದರು. ಮೂರು ಪಕ್ಷದವರಿಗೂ ಅದೇ ಮಾತು, ಅದೇ ಬೆಲ್ಲ. ಸುಳ್ಳಲ್ಲವೇ ಮಾವ ಅಂದರೆ, "ಮನೆಗೆ ಬಂದವರ ಮುಖ ಬಾಡಿಸಬಾರದು ಮಾರಾಯ" ಅನ್ನುತ್ತಿದ್ದರು. ಲಂಡನ್ನಿನ ಸಮೀಕ್ಷೆಯವರಿಗೆ ಅಂಥ ಒಬ್ಬ ಮಾವ ಇರಲಿಲ್ಲ, ಬಿಡಿ. ಇದ್ದ ನನಗೆ ಏನಾಗಿತ್ತು?

ಗಡಿಯಾರ ನೋಡಿದೆ. ಹನ್ನೊಂದು ದಾಟಿತ್ತು. ಹನ್ನೆರಡಕ್ಕೆ ಡ್ರೈವರ್ ಕವರು ಒಯ್ಯುತ್ತಾನೆ. ಒಮ್ಮೆ ಮಾಲೀಕರು ಪತ್ರ ಓದಿದರೆ ಖಲಾಸ್. ಮತ್ತೆ ಯಾರೂ ಆ ಮಾತು ಎತ್ತುವುದಿಲ್ಲ. ಸುಮ್ಮನಿದ್ದರೆ ನನಗೇನೂ ನಷ್ಟವಿಲ್ಲ. ಹೇಳಿದರೆ, ಸುಳ್ಳು ರಿಪೋರ್ಟ್ ಕೊಟ್ಟ ಸೆಕ್ರೆಟರಿ ಎಂಬ ಹೆಸರು.

ಕವರು ಕೈಯಲ್ಲಿ ಹಿಡಿದು ಬಾಸ್ ರೂಮಿಗೆ ಹೋದೆ. ಬಾಗಿಲು ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. (ಸ್ವಲ್ಪ ಅಂದದ್ದು ಮರ್ಯಾದೆಗೆ.)

"ಸರ್, ನನ್ನ ರಿಪೋರ್ಟ್ ತಪ್ಪು."

"ಕೂಡಿಸಿದ್ದು ತಪ್ಪಾಯಿತಾ?"

"ಕೂಡಿಸಿದ್ದು ಸರಿ ಇದೆ. ಉತ್ತರಗಳು ತಪ್ಪು. ನೀವು ಗಾರ್ಡನ್ ಎದುರು ಹೇಳಿದ ಹಾಗೆ ಎಲ್ಲರೂ ನನ್ನೆದುರು ಹೇಳಿದ್ದಾರೆ."

ಅವರ ನಗು ನಿಂತಿತು. "ಯಾರು ಹೇಳಿದರು ನಿಮಗೆ?"

ಮಲ್ಲಪ್ಪನ ಹೆಸರು ನಾಲಿಗೆ ತುದಿಗೆ ಬಂತು. ನುಂಗಿದೆ. "ಉಳಿದವರದು ಬಿಡಿ ಸರ್. ಹದಿನೇಳನೆಯ ಹೆಸರು ನೋಡಿ. ಅದು ಸುಳ್ಳು ಅಂತ ನನಗೆ ಖಂಡಿತ ಗೊತ್ತು."

ಪ್ರೆಸ್ಟನ್ ಪಟ್ಟಿ ತೆಗೆದು ನೋಡಿದರು. ಆಮೇಲೆ ನಿಧಾನವಾಗಿ ಅಂದರು: "ಬುಧವಾರ ನಾನು ಮೊದಲು ನೋಡಿದ್ದೇ ನಿಮ್ಮ ಹೆಸರು. ನೀವು ಎರಡು ಪಾಳಿ ಸರಿ ಅಂದದ್ದು ನೋಡಿದಮೇಲೆಯೇ ಉಳಿದವರದನ್ನು ನಂಬಿದ್ದು."

ಈ ಮಾತು ನನಗೆ ತಾಗಿದಷ್ಟು ಯಾವ ಬೈಗುಳವೂ ತಾಗುತ್ತಿರಲಿಲ್ಲ. ಅವರು ಕವರು ಈಸಿಕೊಂಡು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು.

"ನಿಮ್ಮ ದೇಶದಲ್ಲಿ ಇಷ್ಟು ದೊಡ್ಡ ಚುನಾವಣೆ ನಡೆಸುತ್ತೀರಿ. ಗುಟ್ಟಾಗಿ ವೋಟು ಹಾಕುವುದು ನಿಮಗೆ ನಾನು ಹೇಳಿಕೊಡಬೇಕೇ?"

ಭಾನುವಾರ ಬೆಳಿಗ್ಗೆ ನಮ್ಮ ಆಫೀಸಿನಲ್ಲಿ ಮತದಾನ ನಡೆಯಿತು. ಹೆಸರಿಲ್ಲದ ಚೀಟಿ. ನಮ್ಮಲ್ಲಿ ಇಂಗ್ಲಿಷ್ ಓದಲು ಬಾರದವರೂ ಇದ್ದಾರೆ. ಹಾಗಾಗಿ ಚಿಹ್ನೆ ಬೇಕಾಯಿತು. ಮಲ್ಲಪ್ಪ ಎರಡು ಚಿತ್ರ ಬರೆದುಕೊಟ್ಟರು. ಇಡೀ ಖುಬೂಸ್ ಅಂದರೆ ಒಂದೇ ಪಾಳಿ. ಹರಿದು ಎರಡು ಮಾಡಿದ ಖುಬೂಸ್ ಅಂದರೆ ಎರಡು ಪಾಳಿ. (ಖುಬೂಸ್ ಎಂದರೆ ಇಲ್ಲಿ ಬಡವ ಬಲ್ಲಿದ ಎಲ್ಲರೂ ತಿನ್ನುವ ದಪ್ಪ ರೊಟ್ಟಿ.) ಪ್ರಿಂಟರ್ ಕಾಗದದ ಖಾಲಿ ಡಬ್ಬವೇ ಮತಪೆಟ್ಟಿಗೆ. ಫೋಟೋಕಾಪಿ ಮೆಷಿನ್ ಹಿಂದಿನ ಮೂಲೆಯೇ ಮತಗಟ್ಟೆ.

ಎಣಿಸುವವರು ಯಾರು? ನಾನಂತೂ ಅಲ್ಲ. ನನ್ನ ವಿಶ್ವಾಸಾರ್ಹತೆ ಆಗಲೇ ಬುಟ್ಟಿ ಸೇರಿತ್ತಲ್ಲ. ಎಲ್ಲರೂ ಒಪ್ಪಿದ ಹೆಸರು ಕುಂಞಾಲಿಕ್ಕ. ಇಪ್ಪತ್ತು ವರ್ಷದಿಂದ ಈ ಆಫೀಸಿಗೆ ಟೀ ಮಾಡಿಕೊಡುತ್ತಿರುವ, ಬಿಳಿ ಗಡ್ಡದ ಮಲಬಾರಿನ ಹಿರಿಯರು. ಯಾರಿಗೆ ಎಷ್ಟು ಸಕ್ಕರೆ ಎಂಬುದನ್ನು ಬಿಟ್ಟು ಯಾರ ಗುಟ್ಟನ್ನೂ ನೆನಪಿಟ್ಟುಕೊಳ್ಳದವರು. ಅವರು ಪ್ಯಾಂಟ್ರಿ ಮೇಜಿನ ಮೇಲೆ ಚೀಟಿ ಸುರಿದು, ಎರಡು ಟೀ ಟ್ರೇಗಳಲ್ಲಿ ವಿಂಗಡಿಸಿದರು. ಉಳಿದ ನಲವತ್ತು ಜನ ಉಸಿರು ಬಿಗಿಹಿಡಿದು ನೋಡಿದೆವು.

ಇಡೀ ಖುಬೂಸ್ ಮೂವತ್ತೆಂಟು. ಹರಿದ ಖುಬೂಸ್ ಎರಡು. ಒಂದು ಚೀಟಿಯಲ್ಲಿ ಎರಡಕ್ಕೂ ಗುರುತು ಹಾಕಿತ್ತು. ಎಲ್ಲರೂ ಕುಂಞಾಲಿಕ್ಕನ ಕಡೆ ತಿರುಗಿದರು. ಬುಧವಾರ ಅವರು ನನಗೂ ಎರಡೂ ಸರಿ ಅಂದಿದ್ದರು. ಅವರು ಆ ಚೀಟಿಯನ್ನು ಸಾವಕಾಶವಾಗಿ ಮಡಚಿ, "ಇದು ಯಾರೋ ಒಳ್ಳೆಯ ಮನುಷ್ಯನದು. ಆದರೆ ಲೆಕ್ಕಕ್ಕಿಲ್ಲ" ಅಂದರು. ಆಫೀಸಿನಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ.

ಹರಿದ ಖುಬೂಸಿಗೆ ಬಿದ್ದ ಎರಡು ವೋಟು ಯಾರವು? ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಪರದೆ ಎಳೆದು ಎರಡು ಗಂಟೆ ಗೊರಕೆ ಹೊಡೆಯುವುದು ತನ್ನ ಜನ್ಮಸಿದ್ಧ ಹಕ್ಕು ಎನ್ನುವವರು ನಮ್ಮಲ್ಲಿ ಒಬ್ಬರಿದ್ದಾರೆ. ಅವರ ರೂಮು ನನ್ನ ಸೀಟಿನ ಹಿಂದೆಯೇ ಇದೆ. ಇಷ್ಟು ಸಾಕು. ಗುಪ್ತ ಮತದಾನ ಗುಪ್ತವಾಗಿಯೇ ಇರಲಿ. ಆದರೆ ಒಂದು ಮಾತು ಹೇಳಲೇಬೇಕು. ಮೂವತ್ತೆಂಟರ ಪರವಾಗಿ ಮಾಲೀಕರಿಗೆ ಹೊಸ ಪತ್ರ ಬರೆಸಿದ್ದೂ ಅವರೇ. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

ಮಾಲೀಕರ ಉತ್ತರ ನಾಲ್ಕೇ ದಿನದಲ್ಲಿ ಬಂತು. ಮೇ ಮೊದಲ ವಾರದಿಂದ ಒಂದೇ ಪಾಳಿ. ಬೇಸಗೆ ಮುಗಿಯುವವರೆಗೆ ಪರೀಕ್ಷೆ, ಆಮೇಲೆ ನೋಡೋಣ. ಯಾರ ಕಾಂಟ್ರ್ಯಾಕ್ಟಿನ ಬಗ್ಗೆಯೂ ಚಕಾರವಿಲ್ಲ. ನನ್ನದರ ಬಗ್ಗೆಯೂ ಇಲ್ಲ. ಜೂನು ಇನ್ನೂ ಬರಬೇಕು. ಎದೆ ಸ್ವಲ್ಪ ಹಗುರಾಗಿದೆ ಅಷ್ಟೆ.

ಈಗ ಮಲ್ಲಪ್ಪ ನಾಲ್ಕೂಕಾಲಿಗೆಲ್ಲ ಮನೆಯಲ್ಲಿರುತ್ತಾರೆ. ಮೊನ್ನೆ ಸಿಕ್ಕಾಗ ಹೇಗಿದೆ ಅಂತ ಕೇಳಿದೆ. "ಭಾಳ ತ್ರಾಸ ಆಗೇದ್ರಿ ಸರ" ಅಂದರು. ಮಗಳು ದಿನಾ ಸಂಜೆ ಪುಸ್ತಕ ಹಿಡಿದು ಎದುರಿಗೆ ಕೂರುತ್ತಾಳಂತೆ. ಅವಳ ಇಂಗ್ಲಿಷ್ ಸಾಲೆಯ ಮ್ಯಾಥ್ಸು ಇವರಿಗೆ ಬರುವುದಿಲ್ಲವಂತೆ. ಇವರು ಕನ್ನಡ ಮಗ್ಗಿ ಹೇಳಿಕೊಡಲು ಹೋದರೆ ಅವಳು ನಗುತ್ತಾಳಂತೆ. ಇಷ್ಟೆಲ್ಲ ತ್ರಾಸ ಹೇಳಿಕೊಳ್ಳುವಾಗ ಆ ಮಿತಭಾಷಿಯ ಮುಖ ನೋಡಬೇಕಿತ್ತು ನೀವು. ಅಂಥ ಮುಖವನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುವುದು?

ನಮ್ಮ ಮನೆಯಲ್ಲಿ ಪರಿಸ್ಥಿತಿ ಬೇರೆ. ನಾನು ನಾಲ್ಕೂವರೆಗೆ ಮನೆ ಸೇರಿ, ಟೀ ಆಯಿತಾ, ತಿಂಡಿ ಏನು, ಕಿಟಕಿ ಯಾಕೆ ತೆರೆದಿದೆ ಅಂತ ಶುರುಮಾಡಿದ ಮೂರನೆಯ ದಿನ ಸುಜಾತ ಕೇಳಿದಳು: "ಇಡೀ ಆಫೀಸಿನವರನ್ನು ಎರಡೆರಡು ಸಲ ಕೇಳಿದಿರಲ್ಲ, ಮನೆಯಲ್ಲಿರುವವರ ಅಭಿಪ್ರಾಯ ಯಾರಾದರೂ ಕೇಳಿದಿರಾ?"

ಕೇಳಿರಲಿಲ್ಲ. ಈಗ ಕೇಳಲು ಧೈರ್ಯವಿಲ್ಲ. ಅವಳು ನಿಜ ಹೇಳುವವಳು.

ಬರೆದು ಮುಗಿಸುವ ಹೊತ್ತಿಗೆ ಸಂಪಾದಕರು ಕಳಿಸಿದ ಓದುಗರ ಪತ್ರಗಳ ಕಟ್ಟು ಬಂದಿದೆ. ಹನ್ನೊಂದು ಜನ ಈ ಅಂಕಣವನ್ನು ಬಾಯ್ತುಂಬ ಹೊಗಳಿದ್ದಾರೆ, ಕೆಳಗೆ ಹೆಸರು ವಿಳಾಸ ಎಲ್ಲ ಬರೆದು. ಒಬ್ಬರು ಮಾತ್ರ ಸಹಿ ಹಾಕದೆ, "ಇನ್ನು ಸಾಕು ಮಾರಾಯರೇ" ಅಂದಿದ್ದಾರೆ.

ಹೇಳಿ, ನಾನು ಯಾರನ್ನು ನಂಬಲಿ?